ಕೆಲಸ ಹುಡುಕುವವರಿಗೊಂದು ವೆಬ್‌ಸೈಟ್: ಬಣ್ಣ ಆಮೇಲೆ, ಮೊದಲು ಉತ್ತರ

ಮಿನಿ ಪ್ರಾಜೆಕ್ಟ್ ಅಂದ ಕೂಡಲೇ ನಮ್ಮಲ್ಲಿ ನಾಲ್ಕೈದು ಟಾಪಿಕ್‌ಗಳೇ ತಿರುಗಿ ತಿರುಗಿ ಬರುತ್ತವೆ: ಲೈಬ್ರರಿ ಮ್ಯಾನೇಜ್‌ಮೆಂಟ್, ಹಾಸ್ಪಿಟಲ್ ಮ್ಯಾನೇಜ್‌ಮೆಂಟ್, ಹೋಟೆಲ್ ಬುಕಿಂಗ್, ಜಾಬ್ ಪೋರ್ಟಲ್. ಇವುಗಳಲ್ಲಿ ಕೊನೆಯದ್ದು ಉಳಿದವುಗಳ ಹಾಗಲ್ಲ. ಯಾಕಂದ್ರೆ ಇವತ್ತು ಅದನ್ನು ಮಾಡುವ ನಾವೇ ಇನ್ನೆರಡು ವರ್ಷಕ್ಕೆ ಅದರ ಯೂಸರ್‌ಗಳು. ಮೂರು ಟೇಬಲ್, ಒಂದು ಲಾಗಿನ್ ಪೇಜ್, ಒಂದು ‘ಅಪ್ಲೈ’ ಬಟನ್ ಇದ್ದರೆ ವೈವಾದಲ್ಲಿ ಮಾರ್ಕ್ಸ್ ಬರಬಹುದು. ಆದರೆ ಕೆಲಸ ಇಲ್ಲದ ಒಬ್ಬ ಮನುಷ್ಯನಿಗೆ ಅದರಿಂದ ಉಪಯೋಗ ಆಗುತ್ತಾ? ಈ ಲೇಖನದಲ್ಲಿ ನಾವು ನೋಡೋಣ ಅಂತಿರೋದು ಅದನ್ನೇ. ಕೋಡ್ ಕಡಿಮೆ, ಡಿಸೈನ್ ಜಾಸ್ತಿ. ಯಾವ ಬ್ರಾಂಚ್‌ನವರಾದರೂ ಓದಬಹುದು.

1. ಮೊದಲು, ಯಾರು ಬರ್ತಾರೆ?

ಡಿಸೈನ್ ಶುರು ಮಾಡೋ ಮುಂಚೆ ಯೂಸರ್‌ಗಳನ್ನು ಕಲ್ಪಿಸಿಕೊಂಡು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳೋದು ವಾಡಿಕೆ. ಇದಕ್ಕೆ ಪರ್ಸೋನಾ ಅಂತ ಹೆಸರು. ನಾವು ಮೂವರನ್ನು ಇಟ್ಟುಕೊಳ್ಳೋಣ.

ಮೊದಲನೆಯವನು ಹಾವೇರಿ ಕಡೆಯ ಐಟಿಐ ಫಿಟ್ಟರ್. ಕಂಪ್ಯೂಟರ್ ಇಲ್ಲ, ಇರೋದು ಒಂದು ಹಳೇ ಫೋನ್. ದಿನದ ಡೇಟಾ ಸಂಜೆಗೇ ಖಾಲಿ. ಇಂಗ್ಲಿಷ್ ಓದಬಲ್ಲ, ಆದರೆ ನಿಧಾನವಾಗಿ. ಎರಡನೆಯವರು ತುಮಕೂರಿನ ಬಿಕಾಂ ಪದವೀಧರೆ. ಆರು ವರ್ಷ ಮನೆ, ಮಗು ನೋಡಿಕೊಂಡು ಈಗ ಮತ್ತೆ ಅಕೌಂಟ್ಸ್ ಕೆಲಸಕ್ಕೆ ಹೊರಟಿದ್ದಾರೆ. ಮಗು ಮಲಗಿದ ಅರ್ಧ ಗಂಟೆಯಷ್ಟೇ ಅವರ ಸಮಯ. ಮೂರನೆಯವರು ನಮ್ಮದೇ ಫೈನಲ್ ಇಯರ್ ಸೀನಿಯರ್. ಲ್ಯಾಪ್‌ಟಾಪ್ ಇದೆ, ವೈಫೈ ಇದೆ, ಇಲ್ಲದೇ ಇರೋದು ನೆಮ್ಮದಿ. ಒಂದೇ ರಾತ್ರಿ 40 ಕಡೆ ಅಪ್ಲೈ ಮಾಡ್ತಾರೆ.

ಈ ಮೂವರಿಗೂ ಸಾಮಾನ್ಯವಾದದ್ದು ಏನು? ಯಾರೂ ಸೈಟ್‌ನ ಅಂದ ನೋಡೋಕೆ ಬಂದಿಲ್ಲ. ಶಾಪಿಂಗ್ ಆ್ಯಪ್‌ನಲ್ಲಿ ಸುಮ್ಮನೆ ಸ್ಕ್ರೋಲ್ ಮಾಡೋದರಲ್ಲೂ ಒಂದು ಖುಷಿ ಇರುತ್ತೆ. ಜಾಬ್ ಸೈಟ್‌ನಲ್ಲಿ ಪ್ರತಿ ಸ್ಕ್ರೋಲ್‌ಗೂ ಒಂದಿಷ್ಟು ಸಮಯ, ಒಂದಿಷ್ಟು ದುಡ್ಡು, ಒಂದಿಷ್ಟು ಆಸೆ ಖರ್ಚಾಗುತ್ತೆ. ಹಾಗಾಗಿ ಇಲ್ಲಿ ‘ಯೂಸರ್ ಫ್ರೆಂಡ್ಲಿ’ ಅನ್ನೋ ಮಾತಿಗೆ ಬೇರೆಯದೇ ಅರ್ಥ ಇದೆ.

2. ಸುಲಭ ಅಂದ್ರೆ ಯಾವುದು ಸುಲಭ?

ಸಾಮಾನ್ಯವಾಗಿ ನಾವು ಅಂದುಕೊಳ್ಳೋದು, ಕ್ಲಿಕ್ ಕಡಿಮೆ ಆದಷ್ಟೂ ಸುಲಭ ಅಂತ. ಹಾಗಾದರೆ ಒಂದೇ ಕ್ಲಿಕ್‌ನಲ್ಲಿ ಅಪ್ಲೈ ಆಗುವ ಸೈಟ್ ಎಲ್ಲಕ್ಕಿಂತ ಒಳ್ಳೆಯದಾಗಬೇಕಿತ್ತು. ಸ್ವಲ್ಪ ಯೋಚಿಸಿ ನೋಡಿ. ಒಂದು ಕ್ಲಿಕ್ ನಮಗೆ ಸುಲಭ ಆದರೆ ಎಲ್ಲರಿಗೂ ಸುಲಭವೇ. ಅರ್ಹತೆ ಇದ್ದವರು, ಇಲ್ಲದವರು ಎಲ್ಲರೂ ಒತ್ತುತ್ತಾರೆ. ಎಚ್‌ಆರ್ ಕಡೆ ಅರ್ಜಿಗಳ ರಾಶಿ ಬೀಳುತ್ತೆ, ಅದರಲ್ಲಿ ನಮ್ಮ ಅರ್ಜಿಯನ್ನು ಯಾರೂ ತೆರೆದೂ ನೋಡದೇ ಇರಬಹುದು. ಬಟನ್ ಒತ್ತೋದು ಸುಲಭ ಆಯ್ತು, ಕೆಲಸ ಸಿಗೋದು ಅಲ್ಲ.

ಅದಕ್ಕೇ ನಮ್ಮ ಅಭಿಪ್ರಾಯ ಇಷ್ಟು: ಅಪ್ಲೈ ಮಾಡೋದಕ್ಕಿಂತ ಮೊದಲು, ಅಪ್ಲೈ ಮಾಡಬೇಕಾ ಬೇಡವಾ ಅಂತ ತಿಳಿಯೋದು ಸುಲಭ ಆಗ್ಬೇಕು. ‘ಈ ಕೆಲಸಕ್ಕೆ 2 ವರ್ಷ ಅನುಭವ ಬೇಕು, ನಿಮಗೆ ಇಲ್ಲ’ ಅಂತ ಮೊದಲ ಸ್ಕ್ರೀನ್‌ನಲ್ಲೇ ಹೇಳುವ ಸೈಟ್, 25 ನಿಮಿಷ ಫಾರ್ಮ್ ತುಂಬಿಸಿ ಕೊನೆಗೆ ಸುಮ್ಮನಾಗುವ ಸೈಟ್‌ಗಿಂತ ಎಷ್ಟೋ ಮೇಲು. ಬೇಗ ‘ಇಲ್ಲ’ ಅನ್ನೋದೂ ಒಂದು ಸೇವೆಯೇ. ಮುಂದಿನ ಎಲ್ಲಾ ಭಾಗಗಳನ್ನೂ ಈ ಒಂದು ಮಾತನ್ನು ಇಟ್ಟುಕೊಂಡೇ ನೋಡೋಣ.

3. ಜಾಬ್ ಕಾರ್ಡ್‌ನಲ್ಲಿ ಏನಿರಬೇಕು?

ಹುಡುಕಿದಾಗ ಪಟ್ಟಿಯಲ್ಲಿ ಕಾಣುವ ಪುಟ್ಟ ಚೌಕಕ್ಕೆ ಜಾಬ್ ಕಾರ್ಡ್ ಅನ್ನೋಣ. ಕಾರ್ಡ್ ತೆರೆಯದೇ ಈ ಆರು ವಿಷಯ ಗೊತ್ತಾಗಬೇಕು:

• ಕೆಲಸ ಏನು, ಯಾವ ಕಂಪನಿ
• ಎಲ್ಲಿ (ಬರೀ ‘ಬೆಂಗಳೂರು’ ಅಂದ್ರೆ ಸಾಲದು. ಪೀಣ್ಯಕ್ಕೂ ಎಲೆಕ್ಟ್ರಾನಿಕ್ ಸಿಟಿಗೂ ಎಷ್ಟು ದೂರ ಅಂತ ಬಸ್‌ನಲ್ಲಿ ಹೋದವರಿಗೆ ಗೊತ್ತು)
• ಸಂಬಳ ಎಷ್ಟರಿಂದ ಎಷ್ಟು, ತಿಂಗಳಿಗೋ ವರ್ಷಕ್ಕೋ
• ಕನಿಷ್ಠ ಓದು ಮತ್ತು ಅನುಭವ
• ಹಾಕಿದ ದಿನ, ಕೊನೆಯ ದಿನ
• ಶಿಫ್ಟ್, ಬಾಂಡ್ ಇದ್ದರೆ ಅದು

ಸಂಬಳದ ಜಾಗದಲ್ಲಿ ಕಂಪನಿಗಳು ‘ಇಂಡಸ್ಟ್ರಿ ಸ್ಟ್ಯಾಂಡರ್ಡ್ ಪ್ರಕಾರ’ ಅಂತ ಬರೆಯೋದನ್ನು ನಾವೆಲ್ಲಾ ನೋಡಿದ್ದೇವೆ. ಸೈಟ್ ಮಾಡುವವರ ಕೈಯಲ್ಲಿ ಇದಕ್ಕೆ ಮದ್ದಿದೆ. ಕಂಪನಿ ತುಂಬುವ ಫಾರ್ಮ್‌ನಲ್ಲಿ ಸಂಬಳದ ಕನಿಷ್ಠ, ಗರಿಷ್ಠ ಎರಡೂ ಅಂಕಿಗಳನ್ನು ಕಡ್ಡಾಯ ಮಾಡಿಬಿಡೋದು. ಅಕ್ಷರ ಬರೆಯೋಕೆ ಜಾಗವೇ ಕೊಡದಿದ್ರೆ ಆಯ್ತು. ಬಾಂಡ್ ವಿಷಯವೂ ಅಷ್ಟೇ: ಹೌದು ಅಥವಾ ಇಲ್ಲ, ಹೌದಾದರೆ ಎಷ್ಟು ತಿಂಗಳು.

ಕೊನೆಯ ದಿನ ಮುಗಿದ ಕೆಲಸಗಳು ಪಟ್ಟಿಯಿಂದ ತಾನಾಗೇ ಇಳಿಯಬೇಕು. ಸ್ಕೀಮಾ ಡಾಟ್ ಆರ್ಗ್‌ನ ‘ಜಾಬ್ ಪೋಸ್ಟಿಂಗ್’ ಅನ್ನೋ ಮಾದರಿಯಲ್ಲಿ ಹಾಕಿದ ದಿನಕ್ಕೂ, ಎಲ್ಲಿಯವರೆಗೆ ಮಾನ್ಯ ಅನ್ನೋದಕ್ಕೂ ಪ್ರತ್ಯೇಕ ಫೀಲ್ಡ್‌ಗಳಿವೆ. ಗೂಗಲ್ ತನ್ನ ಜಾಬ್ ಸರ್ಚ್‌ಗೆ ಓದಿಕೊಳ್ಳೋದು ಇದೇ ಮಾದರಿಯನ್ನು. ಇವನ್ನು ಸರಿಯಾಗಿ ತುಂಬಿದರೆ ಮುಗಿದುಹೋದ ಕೆಲಸದ ಹಿಂದೆ ಯಾರೂ ಓಡೋದಿಲ್ಲ.

4. ಹುಡುಕಾಟ: ಜನ ಬರೆಯುವ ಹಾಗೆ

2014ರ ನವೆಂಬರ್ 1ರಂದು ನಮ್ಮ ರಾಜ್ಯದ 12 ನಗರಗಳ ಇಂಗ್ಲಿಷ್ ಹೆಸರುಗಳು ಅಧಿಕೃತವಾಗಿ ಬದಲಾದವು. ಗುಲ್ಬರ್ಗ ಕಲಬುರಗಿ ಆಯ್ತು, ಬಿಜಾಪುರ ವಿಜಯಪುರ ಆಯ್ತು, ಬೆಳಗಾಂ ಬೆಳಗಾವಿ ಆಯ್ತು. ಆದರೆ ಜನ ಇವತ್ತಿಗೂ ಎರಡನ್ನೂ ಟೈಪ್ ಮಾಡ್ತಾರೆ. ಡೇಟಾಬೇಸ್‌ನಲ್ಲಿ ‘ಕಲಬುರಗಿ’ ಅಂತಿದ್ದು, ಯೂಸರ್ ‘ಗುಲ್ಬರ್ಗ’ ಅಂತ ಹುಡುಕಿದಾಗ ‘0 ಫಲಿತಾಂಶ’ ಬಂದರೆ, ಅವರು ತಿಳಿಯೋದು ಹೆಸರು ಬೇರೆ ಅಂತಲ್ಲ, ಕಲಬುರಗಿಯಲ್ಲಿ ಕೆಲಸವೇ ಇಲ್ಲ ಅಂತ. ಒಂದು ಸಣ್ಣ ಸಮಾನಪದ ಟೇಬಲ್ ಇಟ್ಟರೆ ಇದು ಮುಗಿಯಿತು. ಪ್ರತಿ ಊರಿಗೂ ಒಂದು ಐಡಿ, ಆ ಐಡಿಗೆ ಹಳೇ ಹೆಸರು, ಹೊಸ ಹೆಸರು, ಕನ್ನಡ ರೂಪ, ಇಂಗ್ಲಿಷ್ ರೂಪ ಎಲ್ಲವನ್ನೂ ಜೋಡಿಸೋದು.

ಓದಿನ ಹೆಸರುಗಳಿಗೂ ಇದೇ ಟೇಬಲ್ ಬೇಕು. ನಮ್ಮ ‘ಎಸ್‌ಎಸ್‌ಎಲ್‌ಸಿ’ ಬೇರೆ ಕಡೆ ‘10ನೇ ತರಗತಿ’. ನಮ್ಮ ‘ಸೆಕೆಂಡ್ ಪಿಯುಸಿ’ ಬೇರೆ ರಾಜ್ಯದ ಕಂಪನಿಗೆ ‘12ನೇ ತರಗತಿ’ ಅಥವಾ ‘ಎಚ್‌ಎಸ್‌ಸಿ’. ಡ್ರಾಪ್‌ಡೌನ್‌ನಲ್ಲಿ ಪಿಯುಸಿ ಕಾಣದೆ ‘ಇತರೆ’ ಅಂತ ಆರಿಸಿದವರು ಕಂಪನಿಯ ಫಿಲ್ಟರ್‌ನಲ್ಲಿ ಮೊದಲೇ ಬಿದ್ದುಹೋಗ್ತಾರೆ. ಓದಿದ್ದು ಸರಿ, ಅಂಕ ಸರಿ, ತಪ್ಪಿದ್ದು ಡ್ರಾಪ್‌ಡೌನ್ ಮಾತ್ರ.

ಫಿಲ್ಟರ್‌ಗಳ ಬಗ್ಗೆ ಎರಡೇ ಮಾತು. ಮೊಬೈಲ್‌ನಲ್ಲಿ ಊರು, ಓದು, ಅನುಭವ, ಸಂಬಳ ಈ ನಾಲ್ಕು ಮೇಲೆ ಕಂಡರೆ ಸಾಕು, ಉಳಿದವು ‘ಇನ್ನಷ್ಟು’ ಒಳಗಿರಲಿ. ಫಲಿತಾಂಶ ಸೊನ್ನೆ ಬಂದಾಗ ಖಾಲಿ ಪೇಜ್ ತೋರಿಸಬೇಡಿ. ಯಾವ ಫಿಲ್ಟರ್ ತೆಗೆದರೆ ಎಷ್ಟು ಕೆಲಸ ಸಿಗುತ್ತೆ ಅಂತ ಹೇಳಿ.

5. ಫಾರ್ಮ್: ಎಲ್ಲರೂ ಸುಸ್ತಾಗುವ ಜಾಗ

ಹೆಸರು: ‘ಫಸ್ಟ್ ನೇಮ್’, ‘ಲಾಸ್ಟ್ ನೇಮ್’ ಎರಡೂ ಕಡ್ಡಾಯ ಅನ್ನೋ ಫಾರ್ಮ್‌ಗಳು ನಮ್ಮ ಕಡೆಯ ಹೆಸರಿಗೆ ಹೊಂದಲ್ಲ. ಮಾರ್ಕ್ಸ್ ಕಾರ್ಡ್‌ನಲ್ಲಿ ಎಷ್ಟೋ ಜನರಿಗೆ ಹೆಸರು, ಅದರ ಜೊತೆ ಒಂದೋ ಎರಡೋ ಇನಿಶಿಯಲ್ ಅಷ್ಟೇ ಇರೋದು. ಲಾಸ್ಟ್ ನೇಮ್‌ಗೆ ‘ಎಚ್’ ಅಂತ ಹಾಕಿದರೆ ‘ಕನಿಷ್ಠ 2 ಅಕ್ಷರ ಬೇಕು’ ಅಂತ ಬೈಯುತ್ತೆ. ಪರಿಹಾರ ಸುಲಭ: ‘ಪೂರ್ಣ ಹೆಸರು (ಮಾರ್ಕ್ಸ್ ಕಾರ್ಡ್‌ನಲ್ಲಿ ಇರುವಂತೆ)’ ಅನ್ನೋ ಒಂದೇ ಬಾಕ್ಸ್.

ಹುಟ್ಟಿದ ದಿನ: ತಿಂಗಳು ತಿಂಗಳಾಗಿ ಹಿಂದೆ ಹೋಗುವ ಕ್ಯಾಲೆಂಡರ್ ಕೊಟ್ಟರೆ, 20 ವರ್ಷದವರು ತಮ್ಮ ಹುಟ್ಟಿದ ತಿಂಗಳಿಗೆ ಹೋಗೋಕೆ 240 ಸಲ ಒತ್ತಬೇಕು. ದಿನ, ತಿಂಗಳು, ವರ್ಷ ಅಂತ ಮೂರು ಬಾಕ್ಸ್ ಕೊಟ್ಟು, ಸಂಖ್ಯೆಯ ಕೀಬೋರ್ಡ್ ತೆರೆಯುವಂತೆ ಮಾಡಿ. 10 ಸೆಕೆಂಡ್ ಕೆಲಸ.

ಫೋನ್ ನಂಬರ್: ಯೂಸರ್ ಮಧ್ಯೆ ಜಾಗ ಬಿಡಲಿ, ಮುಂದೆ +91 ಹಾಕಲಿ, ಸೊನ್ನೆ ಹಾಕಲಿ. ಅದನ್ನು ಸರಿಮಾಡಿಕೊಳ್ಳೋದು ಒಂದೆರಡು ಸಾಲಿನ ಕೋಡ್. ಕಂಪ್ಯೂಟರ್ ಮಾಡಬಹುದಾದ ಕೆಲಸವನ್ನು ಮನುಷ್ಯರ ಮೇಲೆ ಹೊರಿಸೋದು ಯಾಕೆ?

ಫೋಟೋ: ‘50 ಕೆಬಿ ಒಳಗಿರಬೇಕು’ ಅಂತ ನಿಯಮ ಹಾಕಿದರೆ ಜನ ಸೈಬರ್ ಸೆಂಟರ್‌ಗೆ ಹೋಗಿ ದುಡ್ಡು ಕೊಟ್ಟು ಸೈಜ್ ಇಳಿಸಿಕೊಂಡು ಬರಬೇಕು. ಬ್ರೌಸರ್‌ನಲ್ಲಿರುವ ಕ್ಯಾನ್ವಾಸ್ ಬಳಸಿ ಅಪ್‌ಲೋಡ್ ಆಗೋ ಮುಂಚೆ ನಾವೇ ಸೈಜ್ ಇಳಿಸಬಹುದು. ಅವರ ಡೇಟಾವೂ ಉಳಿಯುತ್ತೆ.

ತಪ್ಪು ತೋರಿಸುವಾಗ: ‘ಇನ್‌ವ್ಯಾಲಿಡ್ ಇನ್‌ಪುಟ್’ ಅಂದ್ರೆ ಯಾರಿಗೆ ಏನು ಅರ್ಥ ಆಗುತ್ತೆ? ‘ಪಿನ್‌ಕೋಡ್‌ನಲ್ಲಿ 6 ಅಂಕಿ ಇರಬೇಕು, ನೀವು 5 ಹಾಕಿದ್ದೀರಿ’ ಅಂತ ಆ ಬಾಕ್ಸ್‌ನ ಪಕ್ಕದಲ್ಲೇ ಹೇಳಿ. ಬರೀ ಕೆಂಪು ಗೆರೆ ಸಾಲದು, ಬಣ್ಣಗಳ ವ್ಯತ್ಯಾಸ ಕಾಣದವರೂ ಇದ್ದಾರೆ. ಒಂದು ತಪ್ಪಾದರೆ ತುಂಬಿದ್ದೆಲ್ಲಾ ಅಳಿಸಿಹೋಗೋದಂತೂ ಬೇಡವೇ ಬೇಡ.

ಅರ್ಧಕ್ಕೆ ನಿಂತರೆ: ತುಮಕೂರಿನ ನಮ್ಮ ಬಿಕಾಂ ಅಕ್ಕನ ಮಗು ಮಧ್ಯದಲ್ಲಿ ಎದ್ದರೆ ಏನಾಗಬೇಕು? ಮತ್ತೆ ಬಂದಾಗ ಬಿಟ್ಟಲ್ಲಿಂದ ಶುರುವಾಗಬೇಕು. ಇದಕ್ಕೆ ಥಟ್ ಅಂತ ಹೊಳೆಯೋದು ಬ್ರೌಸರ್‌ನ ಲೋಕಲ್ ಸ್ಟೋರೇಜ್. ಆದರೆ ನಮ್ಮಲ್ಲಿ ಬಹಳಷ್ಟು ಜನ ಅರ್ಜಿ ತುಂಬೋದು ಸೈಬರ್ ಸೆಂಟರ್‌ನ ಕಂಪ್ಯೂಟರ್‌ನಲ್ಲಿ. ಅಲ್ಲಿ ಲೋಕಲ್ ಸ್ಟೋರೇಜ್ ಬಳಸಿದರೆ ಮುಂದೆ ಬಂದು ಕೂರುವವರಿಗೆ ಹಿಂದಿನವರ ವಿಳಾಸ, ಫೋನ್ ನಂಬರ್ ಎಲ್ಲಾ ಸಿಗುವ ಅಪಾಯ ಇದೆ. ಅದಕ್ಕೆ ಡ್ರಾಫ್ಟ್ ಸರ್ವರ್‌ನಲ್ಲಿರಲಿ, ಮತ್ತೆ ತೆರೆಯೋಕೆ ಒಟಿಪಿ ಇರಲಿ. ಇಲ್ಲಿ ಒಂದು ಹೆಜ್ಜೆ ಜಾಸ್ತಿ ಆಯ್ತು ನಿಜ, ಆದರೆ ಬೇಕಾದ ಹೆಜ್ಜೆ.

ಏನು ಕೇಳಬಾರದು: ರಿಜಿಸ್ಟರ್ ಆಗುವಾಗಲೇ ಆಧಾರ್ ನಂಬರ್, ಮದುವೆ ಆಗಿದೆಯಾ ಇಲ್ಲವಾ, ತಂದೆಯ ಉದ್ಯೋಗ ಯಾಕೆ? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಆಶಯವೂ ಇದೇ: ಯಾವ ಉದ್ದೇಶಕ್ಕೆ ಅಂತ ಹೇಳಿ, ಅದಕ್ಕೆ ಬೇಕಾದಷ್ಟನ್ನೇ ಕೇಳಬೇಕು. ಪ್ರತಿ ಬಾಕ್ಸ್ ಎದುರು ನಿಂತು ‘ಇದು ಇಲ್ಲದಿದ್ರೆ ಅರ್ಜಿ ನಿಲ್ಲುತ್ತಾ?’ ಅಂತ ಕೇಳಿಕೊಳ್ಳಿ. ನಿಲ್ಲಲ್ಲ ಅಂದ್ರೆ ಬಾಕ್ಸ್ ತೆಗೆಯಿರಿ.

6. ಕನ್ನಡದಲ್ಲಿ ಮಾಡೋದು ಅಂದ್ರೆ ಬರೀ ಅನುವಾದ ಅಲ್ಲ

ನಮ್ಮ ಕ್ಲಬ್‌ನವರಿಗೆ ಇಷ್ಟ ಆಗುವ ಭಾಗ ಇದು. ‘ಕನ್ನಡ’ ಅನ್ನೋ ಬಟನ್ ಹಾಕಿ, ಅನುವಾದವನ್ನು ಮಷೀನ್‌ಗೆ ಬಿಟ್ಟರೆ ‘ಹೋಮ್’ ಹೋಗಿ ‘ಮನೆ’ ಆಗಬಹುದು, ‘ರೆಸ್ಯೂಮ್’ ಹೋಗಿ ‘ಪುನರಾರಂಭಿಸಿ’ ಆಗಬಹುದು. ಜನ ಬಾಯಲ್ಲಿ ಹೇಳುವ ಪದವನ್ನೇ ಬಳಸಿ. ರೆಸ್ಯೂಮ್ ರೆಸ್ಯೂಮೇ ಇರಲಿ, ಪಾಸ್‌ವರ್ಡ್ ಪಾಸ್‌ವರ್ಡೇ ಇರಲಿ. ‘ಅರ್ಜಿ’, ‘ಸಂಬಳ’, ‘ಕೊನೆಯ ದಿನ’ ಇವು ಎಲ್ಲರಿಗೂ ಗೊತ್ತಿರೋ ಮಾತುಗಳು.

ಇನ್ನು ಎಂಜಿನಿಯರಿಂಗ್ ಭಾಗ. ‘ಉದ್ಯೋಗ’ ಅನ್ನೋ ಪದ ಕಣ್ಣಿಗೆ 3 ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ ಉ, ದ, ವಿರಾಮ, ಯ, ಓಕಾರದ ಚಿಹ್ನೆ, ಗ ಅಂತ 6. ಯುಟಿಎಫ್-8ರಲ್ಲಿ ಒಂದೊಂದಕ್ಕೂ 3 ಬೈಟ್, ಅಲ್ಲಿಗೆ 18 ಬೈಟ್. ‘ಹೆಸರು ಗರಿಷ್ಠ 20 ಅಕ್ಷರ’ ಅಂತ ಇಂಗ್ಲಿಷ್ ಲೆಕ್ಕದಲ್ಲಿ ಮಿತಿ ಹಾಕಿದರೆ ಕನ್ನಡದ ಹೆಸರು ಅರ್ಧಕ್ಕೇ ಕತ್ತರಿಸಿಹೋಗುತ್ತೆ.

ಎಸ್‌ಎಂಎಸ್‌ನಲ್ಲೂ ಇದೇ ಕಥೆ. ಇಂಗ್ಲಿಷ್‌ನಲ್ಲಿ ಒಂದು ಮೆಸೇಜ್‌ಗೆ 160 ಅಕ್ಷರ ಹಿಡಿಯುತ್ತೆ. ಕನ್ನಡ ಬಂದ ಕೂಡಲೇ ಅದು 70ಕ್ಕೆ ಇಳಿಯುತ್ತೆ, ಅದೂ ಯೂನಿಕೋಡ್ ಲೆಕ್ಕದ 70. ಹಾಗಾಗಿ ಜಾಬ್ ಅಲರ್ಟ್ ಚಿಕ್ಕದಾಗಿ, ಮುಖ್ಯ ವಿಷಯ ಮೊದಲು ಬರುವಂತೆ ಬರೆಯಬೇಕು. ‘ಆತ್ಮೀಯ ಅಭ್ಯರ್ಥಿಗಳೇ’ ಅಂತ ಶುರು ಮಾಡಿದ್ರೆ ಜಾಗ ಅಲ್ಲೇ ಹೋಯ್ತು.

ಕನ್ನಡಕ್ಕೆ ಒತ್ತಕ್ಷರ ಇರೋದರಿಂದ ಸಾಲುಗಳ ನಡುವೆ ಜಾಗ ಜಾಸ್ತಿ ಬೇಕು. ಲೈನ್ ಹೈಟ್ 1.2 ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ತಾಗೋ ಹಾಗಾಗುತ್ತೆ. 1.6ರ ಆಸುಪಾಸು ಇಟ್ಟು ನೋಡಿ. ಬಟನ್‌ಗಳ ಅಗಲ ಫಿಕ್ಸ್ ಮಾಡಬೇಡಿ, ‘ಅಪ್ಲೈ’ಗೆ ಸಾಕಾದ ಜಾಗ ‘ಅರ್ಜಿ ಸಲ್ಲಿಸಿ’ಗೆ ಸಾಲಲ್ಲ. ಪೇಜ್‌ನ ಭಾಷೆ ಕನ್ನಡ ಅಂತ ಎಚ್‌ಟಿಎಂಎಲ್‌ನ ಲ್ಯಾಂಗ್ ಆಟ್ರಿಬ್ಯೂಟ್‌ನಲ್ಲಿ ಹೇಳಿ. ಇಲ್ಲದಿದ್ರೆ ದೃಷ್ಟಿ ಇಲ್ಲದವರು ಬಳಸುವ ಸ್ಕ್ರೀನ್ ರೀಡರ್‌ಗೆ ಇದನ್ನು ಯಾವ ಭಾಷೆಯಲ್ಲಿ ಓದಬೇಕು ಅಂತ ತಿಳಿಯಲ್ಲ.

7. ಕಣ್ಣು, ಬೆರಳು, ಡೇಟಾ

ವೆಬ್‌ಸೈಟ್ ಎಲ್ಲರಿಗೂ ಬಳಕೆಯಾಗಬೇಕು ಅಂತ ಡಬ್ಲ್ಯುತ್ರೀಸಿ ಸಂಸ್ಥೆ ತಂದಿರುವ ನಿಯಮಗಳಿಗೆ ಡಬ್ಲ್ಯುಸಿಎಜಿ ಅಂತಾರೆ. ಅದರ 2.2 ಆವೃತ್ತಿ 2023ರ ಅಕ್ಟೋಬರ್‌ನಲ್ಲಿ ಬಂತು. ಅದರಲ್ಲಿ ಎರಡು ಅಂಕಿ ನೆನಪಿಟ್ಟುಕೊಳ್ಳಿ.

ಒಂದು, ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕಾಂಟ್ರಾಸ್ಟ್ ಕನಿಷ್ಠ 4.5:1 ಇರಬೇಕು. ಬಿಳಿ ಮೇಲೆ #999999 ಬೂದು ಬಣ್ಣ ನಮ್ಮ ಲ್ಯಾಪ್‌ಟಾಪ್‌ನಲ್ಲಿ ಸ್ಟೈಲಾಗಿ ಕಾಣುತ್ತೆ, ಆದರೆ ಅದರ ಕಾಂಟ್ರಾಸ್ಟ್ 2.85 ಮಾತ್ರ. ಬಿಸಿಲಲ್ಲಿ ನಿಂತು ಫೋನ್ ನೋಡುವವರಿಗೆ ಏನೂ ಕಾಣಲ್ಲ. #767676 ಬಳಸಿದರೆ 4.5 ದಾಟುತ್ತೆ. ಎರಡು, ಒತ್ತುವ ಜಾಗ ಕನಿಷ್ಠ 24 ಪಿಕ್ಸೆಲ್ ಇರಬೇಕು. ಅದು ತೀರಾ ಕನಿಷ್ಠ. ಗೂಗಲ್‌ನ ಮೆಟೀರಿಯಲ್ ಡಿಸೈನ್ ಹೇಳೋದು 48, ನಾವು ಅದನ್ನೇ ಹಿಡಿಯೋಣ.

ಡೇಟಾ ಲೆಕ್ಕ ಬಾಯಲ್ಲೇ ಮಾಡಬಹುದು. 3 ಎಂಬಿ ಪೇಜ್ ಅಂದ್ರೆ 24 ಮೆಗಾಬಿಟ್. ಸೆಕೆಂಡಿಗೆ 1 ಮೆಗಾಬಿಟ್ ಬರುವ ನೆಟ್‌ನಲ್ಲಿ ಅದು ತೆರೆಯೋಕೆ 24 ಸೆಕೆಂಡ್. ಹೋಮ್ ಪೇಜ್‌ನ ನಗುವ ಕೋಟುಧಾರಿಗಳ ದೊಡ್ಡ ಫೋಟೋ ತೆಗೆದು 300 ಕೆಬಿಗೆ ಇಳಿಸಿದರೆ 2.4 ಸೆಕೆಂಡ್. ಆ ಫೋಟೋ ನೋಡಿ ಯಾರಿಗೂ ಕೆಲಸ ಸಿಕ್ಕಿಲ್ಲ ಬಿಡಿ.

8. ಅಪ್ಲೈ ಆದ ಮೇಲೆ

ಯೂಸಬಿಲಿಟಿ ಬಗ್ಗೆ ಓದುವವರೆಲ್ಲಾ ಮೊದಲು ನೋಡೋದು ಯಾಕೋಬ್ ನೀಲ್ಸನ್ 1994ರಲ್ಲಿ ಕೊಟ್ಟ 10 ಸೂತ್ರಗಳನ್ನು. ಅದರಲ್ಲಿ ಮೊದಲನೆಯದ್ದೇ, ಸಿಸ್ಟಮ್ ಈಗ ಯಾವ ಸ್ಥಿತಿಯಲ್ಲಿದೆ ಅಂತ ಯೂಸರ್‌ಗೆ ಸದಾ ತಿಳಿಯುತ್ತಿರಬೇಕು ಅನ್ನೋದು. ಜಾಬ್ ಸೈಟ್‌ಗಳು ಹೆಚ್ಚಾಗಿ ಎಡವೋದು ಇಲ್ಲೇ. ಅರ್ಜಿ ಹಾಕಿದ ಮೇಲೆ ಮೌನ. ಹೋಯ್ತಾ? ನೋಡಿದ್ರಾ? ಬೇಡ ಅಂದ್ರಾ? ಏನೂ ಗೊತ್ತಾಗಲ್ಲ. ಮೌನದಲ್ಲಿ ಕಾಯುವವರು ಬಂದಿರೋ ಬೇರೆ ಕೆಲಸವನ್ನೂ ಬಿಡಬಹುದು.

ಕನಿಷ್ಠ ಇಷ್ಟು ಮಾಡಬಹುದು. ಸಲ್ಲಿಸಿದ ಕೂಡಲೇ ಒಂದು ಅರ್ಜಿ ಸಂಖ್ಯೆ, ಜೊತೆಗೊಂದು ಎಸ್‌ಎಂಎಸ್. ‘ತಲುಪಿದೆ, ತೆರೆದಿದ್ದಾರೆ, ಆಯ್ಕೆ ಪಟ್ಟಿಯಲ್ಲಿದೆ, ಮುಗಿದಿದೆ’ ಅಂತ ನಾಲ್ಕು ಹಂತ. ಕಂಪನಿ 30 ದಿನ ಏನೂ ಮಾಡದಿದ್ರೆ ಸೈಟ್ ತಾನಾಗೇ ‘ಈವರೆಗೆ ಉತ್ತರ ಬಂದಿಲ್ಲ, ಬೇರೆ ಕಡೆಯೂ ನೋಡಿ’ ಅಂತ ತಿಳಿಸೋದು. ಹಾಗೇ ಆ ಕಂಪನಿಯ ಕಾರ್ಡ್ ಮೇಲೆ ‘100 ಅರ್ಜಿಗಳಲ್ಲಿ ಇಷ್ಟಕ್ಕೆ ಉತ್ತರ ಕೊಟ್ಟಿದ್ದಾರೆ’ ಅಂತ ತೋರಿಸೋದು. ಕೋಡ್ ದೃಷ್ಟಿಯಿಂದ ಇದೇನು ದೊಡ್ಡದಲ್ಲ, ಒಂದು ಸ್ಟೇಟಸ್ ಕಾಲಂ ಮತ್ತು ದಿನಕ್ಕೊಮ್ಮೆ ಓಡುವ ಒಂದು ಸ್ಕ್ರಿಪ್ಟ್. ಕಷ್ಟ ಇರೋದು ಬೇರೆ ಕಡೆ. ಎಷ್ಟೋ ಜಾಬ್ ಸೈಟ್‌ಗಳಿಗೆ ದುಡ್ಡು ಬರೋದು ಕಂಪನಿಗಳಿಂದ. ಹಾಗಾಗಿ ಕಂಪನಿಗೆ ಮುಜುಗರ ಆಗುವ ಯಾವ ಫೀಚರ್‌ಗೂ ಒಳಗೆ ವಿರೋಧ ಇರುತ್ತೆ. ನಮ್ಮ ಪ್ರಾಜೆಕ್ಟ್‌ಗೆ ಅಂಥ ಒತ್ತಡ ಇಲ್ಲ. ಈಗಲೇ ಮಾಡಿ ನೋಡದಿದ್ರೆ ಇನ್ಯಾವಾಗ?

9. ನಂಬಿಕೆ

ಕೆಲಸ ಕೊಡಿಸ್ತೀವಿ ಅಂತ ‘ರಿಜಿಸ್ಟ್ರೇಷನ್ ಫೀಸ್’, ‘ಲ್ಯಾಪ್‌ಟಾಪ್ ಡೆಪಾಸಿಟ್’ ಕೇಳಿ ಮೋಸ ಮಾಡೋದು ಹೊಸದೇನಲ್ಲ. ಅರ್ಜಿ ಪೇಜ್‌ನಲ್ಲೇ ಒಂದು ಸಾಲು ಇರಲಿ: ‘ಕೆಲಸಕ್ಕಾಗಿ ಯಾರಿಗೂ ದುಡ್ಡು ಕೊಡಬೇಡಿ. ಕೇಳಿದರೆ ಇಲ್ಲಿ ಒತ್ತಿ.’ ದುಡ್ಡು ಹೋಗಿಬಿಟ್ಟಿದ್ದರೆ ರಾಷ್ಟ್ರೀಯ ಸೈಬರ್ ಕ್ರೈಮ್ ಸಹಾಯವಾಣಿ 1930ಕ್ಕೆ ತಕ್ಷಣ ಕರೆ ಮಾಡಬೇಕು ಅನ್ನೋದೂ ಅಲ್ಲೇ ಇರಲಿ. ‘ವೆರಿಫೈಡ್’ ಅಂತ ಹಸಿರು ಟಿಕ್ ಹಾಕುವುದಾದರೆ ಏನನ್ನು ಪರೀಕ್ಷೆ ಮಾಡಿದ್ದೀರಿ ಅಂತ ಹೇಳಿ. ಕಂಪನಿಯ ನೋಂದಣಿಯನ್ನಾ, ಇಮೇಲ್‌ ಅನ್ನಾ, ಅಥವಾ ಬರೀ ಫೋನ್ ನಂಬರ್ ಅನ್ನಾ? ಏನೂ ನೋಡದೆ ಹಾಕಿದ ಟಿಕ್ ಮೋಸಗಾರರಿಗೇ ಸಹಾಯ.

10. ಕೊನೆಗೆ, ಐದು ಜನರ ಮುಂದೆ ಇಡಿ

ನೀಲ್ಸನ್ ಮತ್ತು ಥಾಮಸ್ ಲ್ಯಾಂಡೌರ್ 1993ರಲ್ಲಿ ಒಂದು ಲೆಕ್ಕ ಕೊಟ್ಟರು. ಒಬ್ಬ ಯೂಸರ್ ಸರಾಸರಿ 31% ತೊಂದರೆಗಳನ್ನು ಬಯಲು ಮಾಡ್ತಾರೆ ಅಂತ ಹಿಡಿದರೆ, 5 ಜನರಿಗೆ ತಪ್ಪಿಸಿಕೊಂಡು ಉಳಿಯೋದು 0.69ರ 5ನೇ ಘಾತ, ಅಂದ್ರೆ ಸುಮಾರು 0.16. ಉಳಿದ 84% ಸಿಕ್ಕಿಬಿತ್ತು. ದೊಡ್ಡ ಸರ್ವೆ ಬೇಡ, 5 ಜನ ಸಾಕು. ಆದರೆ ಒಂದು ಷರತ್ತು, ಆ ಐದೂ ಜನ ನಮ್ಮ ಹಾಸ್ಟೆಲ್ ರೂಮಿನವರೇ ಆದರೆ ಸಿಗೋದು ನಮ್ಮಂಥವರ ತೊಂದರೆಗಳು ಮಾತ್ರ. ಬೇರೆ ಬಗೆಯ ಯೂಸರ್‌ಗೆ ಬೇರೆ ಐದು ಜನ ಬೇಕು. ಕ್ಯಾಂಟೀನ್ ಅಣ್ಣಂದಿರು, ಸೆಕ್ಯೂರಿಟಿ ಅಂಕಲ್‌ನ ಮಗಳು, ಊರಲ್ಲಿ ಐಟಿಐ ಮಾಡ್ತಿರೋ ತಮ್ಮ, ಹೀಗೆ.

ಅವರ ಕೈಗೆ ಅವರದೇ ಫೋನ್ ಕೊಟ್ಟು ಮೂರು ಕೆಲಸ ಹೇಳಿ: ನಿಮಗೆ ಹೊಂದುವ ಒಂದು ಕೆಲಸ ಹುಡುಕಿ, ಅದಕ್ಕೆ ನೀವು ಅರ್ಹರಾ ಅಂತ ಹೇಳಿ, ಅರ್ಜಿ ಹಾಕಿ ಅದು ತಲುಪಿತಾ ಅಂತ ತೋರಿಸಿ. ಆಮೇಲೆ ನಾವು ಸುಮ್ಮನಿರಬೇಕು. ‘ಅಲ್ಲಿ ಒತ್ತಿ, ಇಲ್ಲಿ ಒತ್ತಿ’ ಅಂತ ಹೇಳಿಕೊಡೋ ಹಾಗಿಲ್ಲ. ಅವರು ಎಲ್ಲಿ ನಿಂತರು, ಎಲ್ಲಿ ಹಿಂದೆ ಹೋದರು, ಎಲ್ಲಿ ‘ಇದೇನಿದು?’ ಅಂದರು ಅಂತ ಬರೆದುಕೊಳ್ಳೋದಷ್ಟೇ ನಮ್ಮ ಕೆಲಸ.

ಈ ಸೆಮಿಸ್ಟರ್ ಜಾಬ್ ಪೋರ್ಟಲ್ ಆರಿಸಿಕೊಂಡಿರುವ ಟೀಮ್‌ಗಳು ಇದನ್ನು ಮಾಡಿ, ರಿಪೋರ್ಟ್‌ನಲ್ಲಿ ಈಆರ್ ಡಯಾಗ್ರಾಮ್‌ನ ಪಕ್ಕ ಆ ಐದು ಜನ ನಿಂತ ಜಾಗಗಳನ್ನೂ ಒಂದು ಪುಟದಲ್ಲಿ ಬರೆಯಿರಿ. ಮಾರ್ಕ್ಸ್ ಎಷ್ಟು ಬರುತ್ತೋ ಹೇಳೋಕಾಗಲ್ಲ. ಆದರೆ ಆ ಪುಟ ಬರೆದ ಮೇಲೆ ನೀವು ಮಾಡುವ ಮುಂದಿನ ಫಾರ್ಮ್ ಬೇರೆ ಥರಾನೇ ಇರುತ್ತೆ.